ರಾತ್ರಿ ಎರಡು ಗಂಟೆಗೆ ದೊಡ್ಡ ಡಾಕ್ಟ್ರು ಎಲ್ಲಿರ್ತಾರೆ?

ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುವವರು ದಾವಣಗೆರೆಯಲ್ಲಿ ನೆಲೆಸಿರುವ ನಿವೃತ್ತ ಸ್ಟಾಫ್ ನರ್ಸ್. 31 ವರ್ಷದ ಕೆಲಸದಲ್ಲಿ 14 ವರ್ಷ ಅವರು ಕ್ಯಾಶುಯಾಲ್ಟಿಯಲ್ಲೇ, ಅಂದರೆ ತುರ್ತು ವಿಭಾಗದಲ್ಲೇ ಇದ್ದರು.

*

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಹೋದ ತಿಂಗಳು ಒಂದು ರಾತ್ರಿ ನಮ್ಮ ಅಪ್ಪನಿಗೆ ಎದೆಗೂಡಿನ ಕೆಳಗೆ ಉರಿ ಶುರುವಾಯಿತು. ಮೈಯೆಲ್ಲ ಬೆವರು, ಒಂದು ಸಲ ವಾಂತಿ. ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದರು, ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡೆವು. ಕಡಿಮೆ ಆಗಲಿಲ್ಲ. ಕಾರು ಮಾಡಿಕೊಂಡು ದಾವಣಗೆರೆಯ ಒಂದು ಆಸ್ಪತ್ರೆಗೆ ಬಂದಾಗ ರಾತ್ರಿ 11.40. ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ನೋಡಿದರು. ಇಸಿಜಿ ತೆಗೆದು 'ಅಂಥದ್ದೇನೂ ಇಲ್ಲ' ಅಂದರು. ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಎರಡು ಗಂಟೆಗೆ ನೋವು ಮತ್ತೆ ಜಾಸ್ತಿಯಾಯಿತು. ದೊಡ್ಡ ಡಾಕ್ಟ್ರನ್ನ ಕರೆಸಿ ಅಂದೆ. 'ಬೆಳಿಗ್ಗೆ ರೌಂಡ್ಸಿಗೆ ಬರ್ತಾರೆ' ಅಂದರು. ಅವರು ಬಂದಿದ್ದು 8.30ಕ್ಕೆ. ಇನ್ನೊಂದು ಇಸಿಜಿ ತೆಗೆಸಿ, ಎರಡೇ ನಿಮಿಷದಲ್ಲಿ ಹಾರ್ಟ್ ಅಟ್ಯಾಕ್ ಅಂದರು. ಅಪ್ಪ ಬದುಕಿದ್ದಾರೆ. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ 35 ಅಂತ ಬಂದಿದೆ, ಅದು ತುಂಬಾ ಕಡಿಮೆಯಂತೆ. ಹೊಲಕ್ಕೆ ಹೋಗುವ ಹಾಗಿಲ್ಲ. ಆಸ್ಪತ್ರೆ ಬೋರ್ಡಿನ ಮೇಲೆ '24 ಗಂಟೆ ತಜ್ಞ ವೈದ್ಯರು' ಅಂತ ಬರೆದಿತ್ತು. ಆ ರಾತ್ರಿ ತಜ್ಞರು ಎಲ್ಲಿದ್ದರು? ಕರೆಸಿ ಅಂತ ನಾನು ಕೇಳಿದ್ದು ತಪ್ಪಾ?

ಉತ್ತರ: ತಪ್ಪಲ್ಲ. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಕ್ಯಾಶುಯಾಲ್ಟಿಯ ಬಾಗಿಲಲ್ಲಿ ನಿಂತು 'ದೊಡ್ಡ ಡಾಕ್ಟ್ರು ಬರಂಗಿಲ್ವಾ ಸಿಸ್ಟರ್' ಎಂದು ಕೇಳಿದ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು.

ಮೊದಲು ಬೋರ್ಡಿನ ಮಾತು. '24 ಗಂಟೆ ತಜ್ಞ ವೈದ್ಯರು' ಎಂದರೆ ತಜ್ಞರು ಇಡೀ ರಾತ್ರಿ ಆ ಕಟ್ಟಡದಲ್ಲಿ ಇರುತ್ತಾರೆ ಎಂದು ನಾವು ಓದಿಕೊಳ್ಳುತ್ತೇವೆ. ಬಹಳ ಕಡೆ ಅದರ ಅರ್ಥ 'ಆನ್ ಕಾಲ್'. ಅಂದರೆ ಅವರು ಮನೆಯಲ್ಲಿರುತ್ತಾರೆ, ಫೋನ್ ಮಾಡಿದರೆ ಬರುತ್ತಾರೆ. ಕಾಲೇಜು ಇರುವ ಆಸ್ಪತ್ರೆಯಲ್ಲಿ ರಾತ್ರಿ ರೋಗಿಯನ್ನು ಮೊದಲು ಮುಟ್ಟುವವರು ಹೌಸ್ ಸರ್ಜನ್. ಎಂಬಿಬಿಎಸ್ ಪರೀಕ್ಷೆ ಮುಗಿಸಿ ಒಂದು ವರ್ಷದ ತರಬೇತಿಯಲ್ಲಿರುವ ಮಕ್ಕಳು ಅವರು. ಅವರ ಮೇಲೆ ಡ್ಯೂಟಿ ಡಾಕ್ಟರ್. ಆಮೇಲೆ ಎಂಡಿ, ಎಂಎಸ್ ಓದುತ್ತಿರುವ ಪಿಜಿಗಳು. ಅದರ ಮೇಲೆ ಸೀನಿಯರ್ ರೆಸಿಡೆಂಟ್, ಅವರ ಮೇಲೆ ಯೂನಿಟ್ಟಿನ ದೊಡ್ಡ ಡಾಕ್ಟ್ರು. ಕಾಲೇಜು ಇಲ್ಲದ ಕಡೆ ಈ ಏಣಿಯಲ್ಲಿ ಎರಡೇ ಮೆಟ್ಟಿಲು. ಇಲ್ಲಿ ಒಬ್ಬ ಡ್ಯೂಟಿ ಡಾಕ್ಟರ್, ಮನೆಯಲ್ಲಿ ಒಬ್ಬ ತಜ್ಞ.

ಏಣಿ ಇರುವುದು ತಪ್ಪಲ್ಲ. ಎಲ್ಲರೂ ಹಾಗೇ ಕಲಿತು ದೊಡ್ಡವರಾದದ್ದು. ಕೆಳಗಿನ ಮೆಟ್ಟಿಲಿನವರಿಗೆ ಅನುಮಾನ ಬಂದ ಕೂಡಲೇ ಮೇಲಿನವರು ಕೈಗೆ ಸಿಗಬೇಕು, ಅಷ್ಟೆ. ನಿಮ್ಮ ತಂದೆಯ ವಿಷಯದಲ್ಲಿ ಸಿಗಲಿಲ್ಲ.

ಅವರಿಗೆ ಏನಾಯಿತು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ. ಹೃದಯದ ಕೆಳಗೋಡೆಗೆ ರಕ್ತ ಹೋಗುವುದು ನಿಂತರೆ ನೋವು ಎಷ್ಟೋ ಸಲ ಎದೆಯಲ್ಲಿ ಬರುವುದಿಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ ಬರುತ್ತದೆ. ಜೊತೆಗೆ ವಾಂತಿ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಸರಿಯಾಗಿ ಗೊತ್ತಾಗದೆ ಬರೀ ಸುಸ್ತು, ಬೆವರು ಬರಬಹುದು. ಇಂಥವರು ಬಂದರೆ 10 ನಿಮಿಷದ ಒಳಗೆ ಇಸಿಜಿ ಆಗಬೇಕು ಎಂಬುದು ಎಲ್ಲ ಕಡೆ ಒಪ್ಪಿದ ನಿಯಮ. ನಿಮ್ಮವರಿಗೆ ಇಸಿಜಿ ಆಯಿತು, ಅಲ್ವಾ? ಆದರೆ ಮೊದಲ ಇಸಿಜಿ ಸರಿ ಇದ್ದ ಮಾತ್ರಕ್ಕೆ ಹೃದಯ ಸರಿ ಇದೆ ಎಂದಲ್ಲ. ನೋವು ಇನ್ನೂ ಇದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯೂ ನೋವು ಬಂದ ಮೊದಲ ಒಂದೆರಡು ಗಂಟೆಯಲ್ಲಿ ಏನೂ ತೋರಿಸದೆ ಇರಬಹುದು. ಅದನ್ನೂ ಮತ್ತೆ ಮಾಡಬೇಕು.

ಹೊಸ ಡಾಕ್ಟರ್ ಇಸಿಜಿ ಕಾಗದ ನೋಡುತ್ತಾರೆ. ಇಪ್ಪತ್ತು ವರ್ಷ ನೋಡಿದವರು ಅಂಗಿಯನ್ನೂ ನೋಡುತ್ತಾರೆ. ಸುಮ್ನೆ ಗ್ಯಾಸ್ಟ್ರಿಕ್ ಆದವರ ಅಂಗಿ ಹಿಂಡುವ ಹಾಗೆ ತೋಯುವುದಿಲ್ಲ. ಕಾಗದ ಚೆನ್ನಾಗಿದ್ದರೂ 'ಇವರನ್ನು ಬಿಡಬೇಡಿ, ಅರ್ಧ ಗಂಟೆಗೆ ಇನ್ನೊಂದು ತೆಗೀರಿ' ಎನ್ನುವ ಒಂದು ಮಾತಿಗೋಸ್ಕರ ಸೀನಿಯರ್ ಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅನ್ನು 12 ಗಂಟೆಯವರೆಗೂ ಕೊಡಬಹುದು. ಆದರೆ ಮೊದಲ ಮೂರು ಗಂಟೆಯಲ್ಲಿ ಕೊಟ್ಟರೆ ಆಗುವ ಲಾಭವೇ ಬೇರೆ. ಎರಡು ಗಂಟೆಗೆ ಒಂದು ಫೋನ್ ಹೋಗಿದ್ದರೆ ನಿಮ್ಮ ತಂದೆಯ ಹೃದಯದ ಸ್ನಾಯು ಇನ್ನಷ್ಟು ಉಳಿಯುತ್ತಿತ್ತೇನೋ ಎಂದು ನನಗೆ ಅನಿಸುತ್ತದೆ. ಹೀಗೆ ಬರೆಯುವಾಗ ಸಂಕಟವಾಗುತ್ತದೆ. ಆದರೆ ನೀವು ಕೇಳಿದ್ದೀರಿ, ಮುಚ್ಚಿಡುವುದು ಸರಿಯಲ್ಲ.

ದೊಡ್ಡ ಡಾಕ್ಟ್ರು ಬಂದರೆ ಏನು ಬದಲಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡ ಒಂದು ರಾತ್ರಿಯಿಂದ ಹೇಳುತ್ತೇನೆ. 2006ನೇ ಇಸವಿ. ಚನ್ನಗಿರಿ ಕಡೆಯ 19 ವರ್ಷದ ಹುಡುಗ. ಅಡಿಕೆ ಮೂಟೆ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದಿದ್ದ. ನಡೆದುಕೊಂಡೇ ಒಳಗೆ ಬಂದ. 'ಎಡಗಡೆ ಭುಜ ನೋಯ್ತೈತೆ' ಎಂಬುದೊಂದೇ ಅವನ ದೂರು. ಹೌಸ್ ಸರ್ಜನ್ ಭುಜದ ಎಕ್ಸರೇ ತೆಗೆಸಿದ, ಮೂಳೆ ಸರಿಯಾಗಿತ್ತು. ಬಿಪಿ 110/70. ಫೋನಿನಲ್ಲಿ ಸರ್‌ಗೆ ಹೇಳಿದ. 'ಬಿಪಿ ಚೆನ್ನಾಗಿದೆಯಲ್ಲ, ನೋಡ್ತಾ ಇರಿ' ಎಂದರು. ಆ ಹುಡುಗನ ನಾಡಿ ಬಂದಾಗ 96 ಇತ್ತು. ಒಂದು ಗಂಟೆಯಲ್ಲಿ 112. ಆಮೇಲೆ 128. ಬಿಪಿ ಮಾತ್ರ ಹಾಗೇ. ಕೈ ಮುಟ್ಟಿದೆ, ತಣ್ಣಗಿತ್ತು. ಹೊರಗೆ ಕೂತಿದ್ದ ಅವರಮ್ಮ ಎದ್ದು ಬಂದು 'ಯಾಕೋ ನೀರು ನೀರು ಅಂತಾನಮ್ಮ' ಎಂದಳು. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ನರ್ಸ್ ಆದವಳು ನೇರವಾಗಿ ಯೂನಿಟ್ ಚೀಫ್‌ಗೆ ಫೋನ್ ಮಾಡುವ ಪದ್ಧತಿ ಆಗ ಇರಲಿಲ್ಲ. ನಾನು ಮಾಡಿದೆ. 'ಸರ್, ಬಿಪಿ ಕೇಳಬೇಡಿ, ನಾಡಿ 128, ಕೈ ತಣ್ಣಗಿದೆ, ನೀವು ಬನ್ನಿ' ಎಂದೆ. ಹದಿನೈದು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದರು, ಮನೆಯ ಚಪ್ಪಲಿಯಲ್ಲೇ. ಎಡ ಪಕ್ಕೆಯ ಕೆಳಗೆ ಕೈ ಇಟ್ಟರು. 'ನೋವು ಭುಜದ್ದಲ್ಲ, ಗುಲ್ಮ ಒಡೆದಿದೆ. ಓಟಿ ರೆಡಿ ಮಾಡಿ' ಎಂದರು. ಗುಲ್ಮ ಎಂದರೆ ಸ್ಪ್ಲೀನ್, ಎಡ ಪಕ್ಕೆಯ ಒಳಗಿರುವ ಅಂಗ. ಹೊಟ್ಟೆಯೊಳಗೆ ರಕ್ತ ತುಂಬಿ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ತಾಗಿದರೆ ನೋವು ಎಡಭುಜಕ್ಕೆ ಬರುತ್ತದೆ. ಹರೆಯದವರ ದೇಹ ಬಹಳ ಹೊತ್ತು ಬಿಪಿಯನ್ನು ಹಿಡಿದಿಟ್ಟುಕೊಂಡು, ಆಮೇಲೆ ಒಮ್ಮೆಗೇ ಕೈಬಿಡುತ್ತದೆ. ಅವೆರಡನ್ನೂ ಅವರು ಎಷ್ಟೋ ಸಲ ನೋಡಿದ್ದರು. ಹೌಸ್ ಸರ್ಜನ್ ಒಮ್ಮೆಯೂ ನೋಡಿರಲಿಲ್ಲ.

ಹುಡುಗ ಬದುಕಿದ. ಆಪರೇಷನ್ ಮುಗಿಸಿ ಬೆಳಗಿನ ಜಾವ ಹೊರಗೆ ಬಂದ ಸರ್ ಮನೆಗೆ ಹೋಗಲಿಲ್ಲ. ಅಳುತ್ತಾ ಕೂತಿದ್ದ ಹೌಸ್ ಸರ್ಜನ್ ಪಕ್ಕ ಕೂತರು. ಒಂದು ಕಾಗದದ ಹಿಂದೆ ಹೊಟ್ಟೆಯ ಚಿತ್ರ ಬರೆದು, ರಕ್ತ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ತೋರಿಸಿದರು. ಆ ಹುಡುಗ ಡಾಕ್ಟರ್ ಜನ್ಮದಲ್ಲಿ ಅದನ್ನು ಮರೆತಿರಲಾರ. ರಾತ್ರಿ ಸೀನಿಯರ್ ಇರಬೇಕು ಎನ್ನಲು ನನಗೆ ಇದೂ ಒಂದು ಕಾರಣ. ಫೋನಿನಲ್ಲಿ ಅಂಥ ಪಾಠ ನಡೆಯುವುದಿಲ್ಲ.

ಇನ್ನು ಮುಂದೆ ಇಂಥ ಸಂದರ್ಭ ಬಂದರೆ 'ದೊಡ್ಡ ಡಾಕ್ಟ್ರನ್ನ ಕರೆಸಿ' ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಅದಕ್ಕೆ 'ಬರ್ತಾರೆ' ಎಂಬ ಉತ್ತರ ಸುಲಭ. ಹೀಗೆ ಕೇಳಿ: 'ಈ ರಾತ್ರಿ ಆನ್ ಕಾಲ್ ಸೀನಿಯರ್ ಯಾರು ಡಾಕ್ಟ್ರೇ? ಅವರಿಗೆ ನಮ್ಮ ಅಪ್ಪನ ವಿಷಯ ಎಷ್ಟು ಗಂಟೆಗೆ ಹೇಳಿದಿರಿ? ಅವರು ಏನಂದರು, ಕೇಸ್ ಶೀಟಿನಲ್ಲಿ ಬರೆದಿದ್ದೀರಾ?' ದನಿ ಏರಿಸಬೇಡಿ. ಕೇಸ್ ಶೀಟಿನಲ್ಲಿ ಗಂಟೆ ಬರೆಯಬೇಕು ಎಂದಾಗ ಫೋನ್ ಎತ್ತಲು ಹಿಂಜರಿಯುವ ಡಾಕ್ಟರೂ ಎತ್ತುತ್ತಾರೆ. ಮನೆಯಲ್ಲಿರುವವರೂ ಎದ್ದು ಕೂರುತ್ತಾರೆ. ಇನ್ನೊಂದು ಮಾತು ಖಂಡಿತ ಹೇಳಿ: 'ಬಂದಾಗ ಇದ್ದದ್ದಕ್ಕಿಂತ ಈಗ ಜಾಸ್ತಿ ಆಗಿದೆ.' ಈ ಒಂದು ವಾಕ್ಯಕ್ಕೆ ಕ್ಯಾಶುಯಾಲ್ಟಿಯಲ್ಲಿ ತೂಕ ಇದೆ.

ನಡೆದದ್ದರ ಬಗ್ಗೆ ನೀವು ಕೇಸ್ ಶೀಟಿನ ಪ್ರತಿ ಕೇಳಿ ಪಡೆಯಬಹುದು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮಗಳಲ್ಲಿದೆ. ಎರಡೂ ಇಸಿಜಿ ಅದರಲ್ಲಿ ಇರಲಿ. ಆಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆಯಿರಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಮುಂದಾಳತ್ವದ ಜಿಲ್ಲಾ ದೂರು ಪ್ರಾಧಿಕಾರಕ್ಕೂ ಕೊಡಬಹುದು. ಪತ್ರದಲ್ಲಿ ಆ ಚಿಕ್ಕ ಡಾಕ್ಟರನ್ನು ಬೈಯುವುದಕ್ಕಿಂತ 'ಆ ರಾತ್ರಿಯ ಡ್ಯೂಟಿ ಚಾರ್ಟಿನಲ್ಲಿ ಸೀನಿಯರ್ ಯಾರಿದ್ದರು, ಎರಡು ಗಂಟೆಗೆ ಅವರಿಗೆ ಏಕೆ ತಿಳಿಸಲಿಲ್ಲ' ಎಂದು ಕೇಳಿ. ಉತ್ತರ ಕೊಡಬೇಕಾದವರು ಚಾರ್ಟ್ ಹಾಕಿದವರು.

*

ಪ್ರಶ್ನೆ: ನನ್ನ ಮಗಳು ಹೌಸ್ ಸರ್ಜನ್. ಕ್ಯಾಶುಯಾಲ್ಟಿ ಪೋಸ್ಟಿಂಗ್‌ನಲ್ಲಿ ಬೆಳಿಗ್ಗೆ ಹೋದವಳು ಮರುದಿನ ಮಧ್ಯಾಹ್ನ ಬರುತ್ತಾಳೆ. ಊಟ ಇಲ್ಲ, ನಿದ್ದೆ ಇಲ್ಲ. ರಾತ್ರಿ ಮೇಲಿನವರಿಗೆ ಫೋನ್ ಮಾಡಿದರೆ 'ಇಷ್ಟೂ ಗೊತ್ತಾಗಲ್ವಾ' ಎಂದು ಬೈಯುತ್ತಾರಂತೆ. ಹಾಗಾಗಿ ಫೋನ್ ಮಾಡುವುದಕ್ಕೇ ಹೆದರುತ್ತಾಳೆ. ತಪ್ಪಾದರೆ ಯಾರು ಹೊಣೆ ಎಂದು ಅಳುತ್ತಾಳೆ. ಏನು ಹೇಳಲಿ? (ಚಿತ್ರದುರ್ಗದ ಒಬ್ಬ ತಾಯಿ)

ಉತ್ತರ: ತಾಯೀ, ಜಗಳೂರಿನವರ ಪತ್ರ ಮತ್ತು ನಿಮ್ಮ ಪತ್ರ ಒಂದೇ ವಾರ ನನ್ನ ಕೈಸೇರಿದವು. ಅವರು ಮಂಚದ ಈ ಕಡೆ ನಿಂತಿದ್ದಾರೆ, ನಿಮ್ಮ ಮಗಳು ಆ ಕಡೆ. ಇಬ್ಬರಿಗೂ ಬೇಕಾದವರು ಒಬ್ಬರೇ.

ಮಗಳಿಗೆ ಮೊದಲು ಇದನ್ನು ಹೇಳಿ. ಹೌಸ್ ಸರ್ಜನ್‌ಗಳಿಗೆ ಇರುವುದು ತಾತ್ಕಾಲಿಕ ನೋಂದಣಿ. ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಯಲೆಂದೇ ಅದನ್ನು ಕೊಟ್ಟಿರುವುದು. ಒಬ್ಬಳೇ ತೀರ್ಮಾನ ಮಾಡಬೇಕು ಎಂದು ಅವಳಿಂದ ಯಾರೂ ಬಯಸುವ ಹಾಗಿಲ್ಲ. ಕೇಳುವುದು ಅವಳ ಕೆಲಸದ ಭಾಗ, ಅದಕ್ಕೆ ನಾಚಬೇಕಾಗಿಲ್ಲ. ಪಿಜಿ ಡಾಕ್ಟರುಗಳ ಡ್ಯೂಟಿ ಒಂದೇ ಸಮ 12 ಗಂಟೆ, ವಾರಕ್ಕೆ 48 ಗಂಟೆ ಮೀರದ ಹಾಗೆ ಇರಲಿ ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಮೂವತ್ತು ವರ್ಷ ದಾಟಿತು. ಅದು ಕಾಗದದಲ್ಲಿ ಇದೆ, ವಾರ್ಡಿಗೆ ಇನ್ನೂ ಬಂದಿಲ್ಲ.

ನಿದ್ದೆಗೆಟ್ಟ ಮಕ್ಕಳ ವಿಷಯದಲ್ಲಿ ಅಮೆರಿಕದ ಒಂದು ಪ್ರಕರಣವನ್ನು ನಮಗೆ ಒಬ್ಬ ಪ್ರೊಫೆಸರ್ ಹೇಳುತ್ತಿದ್ದರು. 1984ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಗೆ ಲಿಬ್ಬಿ ಜಯಾನ್ ಎಂಬ 18 ವರ್ಷದ ಹುಡುಗಿ ಜ್ವರ ಎಂದು ಬಂದಳು. ರಾತ್ರಿ ನೋಡಿಕೊಂಡವರು ತರಬೇತಿಯಲ್ಲಿದ್ದ ಡಾಕ್ಟರುಗಳು. ಅವರು ನೋಡಿಕೊಳ್ಳಬೇಕಾದ ರೋಗಿಗಳು ಇನ್ನೂ ಎಷ್ಟೋ ಜನ ಇದ್ದರು. ಸೀನಿಯರ್ ಜೊತೆ ಮಾತಾದದ್ದು ಫೋನಿನಲ್ಲಿ. ಬೆಳಿಗ್ಗೆ ಅವಳು ಉಳಿಯಲಿಲ್ಲ. ಅವಳ ತಂದೆ ಪತ್ರಕರ್ತರು, ಬಿಡಲಿಲ್ಲ. ಕೊನೆಗೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ, ತರಬೇತಿ ಡಾಕ್ಟರುಗಳ ಕೆಲಸ ವಾರಕ್ಕೆ 80 ಗಂಟೆ ಮೀರಬಾರದು ಎಂದು ನಿಯಮ ಮಾಡಿತು. ಎಲ್ಲರಿಗೂ ನೆನಪಿರುವುದು ಈ 80 ಗಂಟೆ. ಆದರೆ ಕಲಿಯುವವರ ಪಕ್ಕದಲ್ಲಿ ಅನುಭವಸ್ಥರು ಇರಬೇಕು ಎಂಬುದೂ ಆ ಬದಲಾವಣೆಯ ಅಷ್ಟೇ ಮುಖ್ಯವಾದ ಭಾಗವಾಗಿತ್ತು. ಚೆನ್ನಾಗಿ ನಿದ್ದೆ ಮಾಡಿ ಬಂದ ಹುಡುಗಿಯೂ ಒಂದು ಸಲವೂ ನೋಡದ ಕಾಯಿಲೆಯನ್ನು ಗುರುತಿಸಲಾರಳು, ಅಲ್ವಾ?

ನನ್ನ ಕಣ್ಣೆದುರೇ ಒಬ್ಬ ಅಜ್ಜಿ ಹೋದಳು. ಸಕ್ಕರೆ ಕಾಯಿಲೆ, ಉರಿಮೂತ್ರ, ಎರಡು ದಿನದ ಜ್ವರ. ಬಂದಾಗ ಬಿಪಿ 80. ಹೌಸ್ ಸರ್ಜನ್ ಹುಡುಗಿಗೆ ನಂಜು ಏರಿದೆ ಎಂಬ ಅನುಮಾನ ಬಂದಿತ್ತು. ಆದರೆ ಯಾವ ಆಂಟಿಬಯೋಟಿಕ್, ಎಷ್ಟು ಎಂದು ಸರ್ ಹೇಳದೆ ಶುರು ಮಾಡಲು ಹೆದರಿದಳು. ಐದು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ನಂಜು ಏರಿ ಬಿಪಿ ಬಿದ್ದವರಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಆ ಅಜ್ಜಿಗೆ ಹೋಗುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು. ಬೆಳಿಗ್ಗೆ ಆರಕ್ಕೆ ತೀರಿಕೊಂಡಳು. ಬೈಗುಳ ಎಲ್ಲ ಬಂದದ್ದು ಆ ಹುಡುಗಿಗೆ. ಫೋನ್ ಮಾಡಿದ ಐದೂ ಹೊತ್ತನ್ನು ಅವಳು ಎಲ್ಲೂ ಬರೆದಿರಲಿಲ್ಲ.

ಅದಕ್ಕೇ ನಿಮ್ಮ ಮಗಳಿಗೆ ಹೇಳಿ: ಪ್ರತಿ ಫೋನನ್ನೂ ಕೇಸ್ ಶೀಟಿನಲ್ಲಿ ಬರೆಯಲಿ. '1.20, ಸರ್‌ಗೆ ತಿಳಿಸಿದೆ, ಹೀಗೆ ಹೇಳಿದರು.' '1.45, ಎತ್ತಲಿಲ್ಲ.' ಒಬ್ಬರು ಎತ್ತದಿದ್ದರೆ ಅವರ ಮೇಲಿನವರಿಗೆ ಮಾಡಲಿ. ಫೋನಿನಲ್ಲಿ ಕಥೆ ಹೇಳದೆ ಮೊದಲ ವಾಕ್ಯದಲ್ಲೇ 'ಸರ್, ನೀವು ಬರಬೇಕು' ಎನ್ನಲಿ. ಕಾರಣ ಆಮೇಲೆ. ಅರ್ಧ ನಿದ್ದೆಯಲ್ಲಿರುವವರಿಗೆ ಕಥೆ ಕೇಳಿಸುವುದಿಲ್ಲ, ಕೊನೆಗೆ 'ನೋಡ್ತಾ ಇರಿ' ಎಂದು ಇಟ್ಟುಬಿಡುತ್ತಾರೆ. ಮತ್ತೆ, ಆ ರಾತ್ರಿ ಡ್ಯೂಟಿಯಲ್ಲಿರುವ ಹಿರಿಯ ಸಿಸ್ಟರ್ ಹತ್ತಿರ ಸ್ನೇಹದಿಂದ ಇರಲಿ. ನಾವು ಎಷ್ಟೋ ಹೌಸ್ ಸರ್ಜನ್‌ಗಳನ್ನು ಕೈಹಿಡಿದು ನಡೆಸಿದವರು. 'ಸಿಸ್ಟರ್, ನಿಮಗೇನನ್ನಿಸುತ್ತೆ' ಎಂದು ಕೇಳಿದವರು ಯಾರೂ ಚಿಕ್ಕವರಾಗಲಿಲ್ಲ.

ಡ್ಯೂಟಿಗೆ ಹೋಗುವಾಗ ಒಂದು ಡಬ್ಬಿ ಅವಲಕ್ಕಿಯನ್ನಾದರೂ ಕಟ್ಟಿಕೊಡಿ. ನಡುರಾತ್ರಿ ಕ್ಯಾಂಟೀನ್ ಮುಚ್ಚಿರುತ್ತದೆ.

*

ಪ್ರಶ್ನೆ: ನಮ್ಮ ಊರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಾಕಷ್ಟು ಹಿರಿಯ ವೈದ್ಯರಿದ್ದಾರೋ ಇಲ್ಲವೋ ಎಂದು ಕಾಯಿಲೆ ಬೀಳುವ ಮೊದಲೇ ತಿಳಿಯುವುದು ಹೇಗೆ? ಎಷ್ಟಿದ್ದರೆ 'ಸಾಕಷ್ಟು'? (ಹರಿಹರದ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಕಾಯಿಲೆ ಬರುವ ಮೊದಲೇ ಕೇಳುವವರು ಕಡಿಮೆ. ನೀವು ಕೇಳಿದ್ದು ಸಂತೋಷ.

ಎಷ್ಟಿದ್ದರೆ ಸಾಕು ಎನ್ನಲು ಬ್ರಿಟನ್ನಿನ ತುರ್ತು ವೈದ್ಯರ ರಾಯಲ್ ಕಾಲೇಜು ಒಂದು ಅಳತೆ ಕೊಟ್ಟಿದೆ. ವರ್ಷಕ್ಕೆ ಬರುವ ಸುಮಾರು 4000 ರೋಗಿಗಳಿಗೆ ಒಬ್ಬ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ. ನಮ್ಮಲ್ಲಿ ಆ ಲೆಕ್ಕವನ್ನು ಹಾಗೇ ಹಾಕಲು ಹೋದರೆ ಮನಸ್ಸು ಕುಗ್ಗುತ್ತದೆ. ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ತಜ್ಞ ವಿಷಯ ಎಂದು ಭಾರತೀಯ ವೈದ್ಯಕೀಯ ಪರಿಷತ್ತು ಒಪ್ಪಿದ್ದೇ 2009ರಲ್ಲಿ. ಅದಕ್ಕೂ ಮೊದಲು ಕ್ಯಾಶುಯಾಲ್ಟಿ ಎಂದರೆ ರೋಗಿಯನ್ನು ಮೇಲಿನ ವಾರ್ಡಿಗೆ ಕಳಿಸುವ ಬಾಗಿಲು, ಅಷ್ಟೆ. ಆ ಬಾಗಿಲಿಗೆ ತನ್ನದೇ ಆದ ದೊಡ್ಡ ಡಾಕ್ಟ್ರು ಬೇಕು ಎಂಬ ಯೋಚನೆ ನಮ್ಮಲ್ಲಿ ಇನ್ನೂ ಹೊಸದು.

ನಮ್ಮ ಕಡೆಯ ಹೊರೆಯನ್ನೂ ನೋಡಬೇಕು. ಪುಣೆ–ಬೆಂಗಳೂರು ಹೆದ್ದಾರಿ 48 ಚಿತ್ರದುರ್ಗ, ದಾವಣಗೆರೆ, ಹರಿಹರ ಎಲ್ಲವನ್ನೂ ಮುಟ್ಟಿಕೊಂಡು ಹೋಗುತ್ತದೆ. ಲಾರಿ, ಬಸ್ಸುಗಳ ಅಪಘಾತಕ್ಕೆ ಹೊತ್ತುಗೊತ್ತಿಲ್ಲ. ಮಳೆ ಬಿದ್ದರೆ ಹೊಲದಲ್ಲಿ ಹಾವು ಕಚ್ಚಿದವರು. ಬೆಳೆ ಕೈಕೊಟ್ಟ ವರ್ಷ ಔಷಧಿ ಕುಡಿದವರು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಬರುವವರು ಈ ಜಿಲ್ಲೆಯವರಷ್ಟೇ ಅಲ್ಲ. ರಾಣೆಬೆನ್ನೂರಿನವರು ಬರುತ್ತಾರೆ. ಹರಪನಹಳ್ಳಿ 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಆದರೂ ಅಲ್ಲಿನ ರೋಗಿ ಬರುವುದು ದಾವಣಗೆರೆಗೇ. ಜಿಲ್ಲೆಯ ಗಡಿ ಬದಲಾದರೆ ಬಸ್ಸಿನ ದಾರಿ ಬದಲಾಗುತ್ತದಾ?

ನೀವು ಮಾಡಬಹುದಾದದ್ದು ಇದು. ಸರ್ಕಾರಿ ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. 'ಎಷ್ಟು ವೈದ್ಯರಿದ್ದಾರೆ' ಎಂದು ಕೇಳಿದರೆ ಒಂದು ದೊಡ್ಡ ಸಂಖ್ಯೆ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ತುರ್ತು ವಿಭಾಗಕ್ಕೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು ಎಂದು ಕೇಳಿ. ಹೋದ ತಿಂಗಳ ರಾತ್ರಿ ಪಾಳಿಯ ಡ್ಯೂಟಿ ಚಾರ್ಟಿನ ಪ್ರತಿ ಕೇಳಿ. ಅದರಲ್ಲಿ ಆಸ್ಪತ್ರೆಯಲ್ಲೇ ಇದ್ದ ತಜ್ಞರು ಯಾರು, ಆನ್ ಕಾಲ್ ಯಾರು ಎಂದು ಬೇರೆ ಬೇರೆ ಕೇಳಿ. ಭಾನುವಾರ ಮತ್ತು ಹಬ್ಬದ ದಿನಗಳ ಚಾರ್ಟನ್ನು ಬಿಡಬೇಡಿ. ದೀಪಾವಳಿ ರಾತ್ರಿಯ ಚಾರ್ಟ್ ನೋಡಿದರೆ ಒಂದು ಆಸ್ಪತ್ರೆಯ ನಿಜ ಬಣ್ಣ ಗೊತ್ತಾಗುತ್ತದೆ ಎಂದು ನನ್ನ ಅನುಭವ. ನನ್ನ 14 ವರ್ಷದಲ್ಲಿ ಸುಟ್ಟ ಮಕ್ಕಳು ಬಂದದ್ದೂ ಆ ರಾತ್ರಿಗಳಲ್ಲೇ, ಚಾರ್ಟ್ ಖಾಲಿ ಇದ್ದದ್ದೂ ಆ ರಾತ್ರಿಗಳಲ್ಲೇ.

ಸರ್ಕಾರಿ ಆಸ್ಪತ್ರೆಗಳಿಗೆ ಮೇಲುಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಚಾರ್ಟಿನ ಪ್ರತಿ ಕೈಯಲ್ಲಿ ಹಿಡಿದು ಅದರ ಸದಸ್ಯರನ್ನು ಮಾತಾಡಿಸಿ. ನಿಮ್ಮಂಥ ಮೇಷ್ಟ್ರ ಮಾತಿಗೆ ಊರಲ್ಲಿ ಬೆಲೆ ಇದೆ. ಖಾಸಗಿ ಆಸ್ಪತ್ರೆಗೆ ಮಾಹಿತಿ ಹಕ್ಕು ತಾಗುವುದಿಲ್ಲ. ಅಲ್ಲಿ ಹಗಲು ಹೊತ್ತಿನಲ್ಲಿ ಹೋಗಿ ನೇರವಾಗಿ ಕೇಳಿ: 'ರಾತ್ರಿ ಎರಡಕ್ಕೆ ಬಂದರೆ ಯಾರು ನೋಡ್ತಾರೆ? ಅವರು ಇಲ್ಲೇ ಇರ್ತಾರಾ?' ಸರಿಯಾಗಿರುವ ಕಡೆ ಹೆಸರು ಹೇಳುತ್ತಾರೆ.

*

ಪ್ರಶ್ನೆ: ಕ್ಯಾಶುಯಾಲ್ಟಿಯಲ್ಲಿ ಗಲಾಟೆ ಮಾಡಿದರೆ ದೊಡ್ಡ ಡಾಕ್ಟ್ರು ಬೇಗ ಬರುತ್ತಾರೆ ಎನ್ನುತ್ತಾರೆ. ನಿಜವಾ? (ಹೊಳಲ್ಕೆರೆಯಿಂದ)

ಉತ್ತರ: ಒಂದೊಂದು ಸಲ ನಿಜ. ಅದು ನಮ್ಮ ಆಸ್ಪತ್ರೆಗಳಿಗೆ ನಾಚಿಕೆಯ ವಿಷಯ. ಮೆತ್ತಗೆ ಕೇಳಿದ ಜಗಳೂರಿನವರಿಗೆ ಬಾರದವರು, ಕಿಟಕಿ ಗಾಜು ಒಡೆದವರಿಗೆ ಬಂದರೆ ಜನ ಏನು ಕಲಿಯುತ್ತಾರೆ ಹೇಳಿ?

ಆದರೆ ಗಲಾಟೆಯ ಹೊತ್ತಿನಲ್ಲಿ ಒಳಗೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಡ್ಯೂಟಿಯಲ್ಲಿರುವ ಇಬ್ಬರು ಡಾಕ್ಟರುಗಳೂ ನಿಮ್ಮ ಸುತ್ತ ನಿಲ್ಲುತ್ತಾರೆ. ಪಕ್ಕದ ಮಂಚದ ಮಗುವಿನ ಉಸಿರಾಟವನ್ನು ನೋಡುವವರು ಇರುವುದಿಲ್ಲ. ಕೈ ನಡುಗುವ ಡಾಕ್ಟರಿಗೆ ಸೂಜಿ ಚುಚ್ಚಲು ನರ ಸಿಗುವುದಿಲ್ಲ. ಹೊಡೆದರಂತೂ 2009ರ ರಾಜ್ಯ ಕಾಯ್ದೆಯಲ್ಲಿ ಜೈಲು, ದಂಡ ಎರಡೂ ಇದೆ. ಜಾಮೀನು ಸುಲಭವಿಲ್ಲ. ಸೀನಿಯರ್‌ಗೆ ಎಷ್ಟು ಗಂಟೆಗೆ ಹೇಳಿದಿರಿ ಎಂದು ಕೇಳಿ, ಬರೆಸಿ. ಅದಕ್ಕೆ ಗಾಜಿಗಿಂತ ಜಾಸ್ತಿ ಶಕ್ತಿ ಇದೆ.

*

ಪ್ರಶ್ನೆ: ಅಪಘಾತವಾದ ನಮ್ಮ ಅಣ್ಣನನ್ನು ಹೆದ್ದಾರಿ ಪಕ್ಕದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. 'ಮೊದಲು ಅಡ್ವಾನ್ಸ್ ಕಟ್ಟಿ, ಪೊಲೀಸ್ ಕೇಸ್ ಆಗಲಿ' ಎಂದರು. ಹಾಗೆ ಹೇಳಬಹುದಾ? (ಹಿರಿಯೂರಿನಿಂದ)

ಉತ್ತರ: ಹೇಳುವ ಹಾಗಿಲ್ಲ. ಜೀವ ಉಳಿಸುವುದು ಮೊದಲು, ಪೊಲೀಸ್ ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ, ಖಾಸಗಿ ಎಲ್ಲ ಡಾಕ್ಟರಿಗೂ ಅದು ಅನ್ವಯ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ತುರ್ತು ಚಿಕಿತ್ಸೆಗೆ ಮುಂಗಡ ಹಣ ಕೇಳಬಾರದು ಎನ್ನುತ್ತದೆ. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಯಲ್ಲಿ 25,000 ರೂಪಾಯಿವರೆಗೆ ನೆರವು ಕೊಡಲು 2016ರಲ್ಲಿ ಹರೀಶ್ ಸಾಂತ್ವನ ಯೋಜನೆ ಬಂತು. ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಸಾಯುವ ಹೊತ್ತಿನಲ್ಲೂ ಅಂಗಾಂಗ ದಾನ ಮಾಡಿ ಎಂದ ಹರೀಶ್ ಎಂಬ ಯುವಕನ ಹೆಸರು ಅದು. ನಿಮ್ಮಂತೆ ವಾಪಸ್ ಕಳಿಸಿಕೊಂಡವರು ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಬೇಕು. ದಿನಾಂಕ, ಗಂಟೆ, ಯಾರು ಏನೆಂದರು, ಅಷ್ಟು ಸಾಕು.

*

ಪ್ರಶ್ನೆ: ಎದೆನೋವು ಬಂದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾ, ಅಲ್ಲಿ ದೊಡ್ಡ ಡಾಕ್ಟ್ರು ಇರಲ್ಲ ಅಂತ ಸೀದಾ ದಾವಣಗೆರೆಗೆ ಬರಬೇಕಾ? (ಹೊನ್ನಾಳಿಯಿಂದ)

ಉತ್ತರ: 108ಕ್ಕೆ ಫೋನ್ ಮಾಡಿ, ಮೊದಲು ಹತ್ತಿರದ ಇಸಿಜಿ ಇರುವ ಕಡೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡಿ ಹೇಳುತ್ತಾರೆ. ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಅದು ಇದೆಯಾ ಎಂದು ನಾಳೆಯೇ ಹೋಗಿ ಕೇಳಿಟ್ಟುಕೊಳ್ಳಿ. ದೊಡ್ಡ ಡಾಕ್ಟ್ರು ನಿಮ್ಮ ಊರಲ್ಲಿ ಇಲ್ಲದಿದ್ದರೂ ಅವರ ಕಣ್ಣು ನಿಮ್ಮ ಇಸಿಜಿಯ ಮೇಲೆ ಬೀಳುವ ದಾರಿ ಇದೊಂದು. ಜಗಳೂರಿನ ಆ ತಂದೆಗೆ ಎರಡು ಗಂಟೆಗೆ ಇನ್ನೊಂದು ಇಸಿಜಿ ತೆಗೆದು, ಅದನ್ನು ಯಾರಾದರೂ ಹೀಗೆ ದೂರದಿಂದ ನೋಡಿದ್ದರೂ ಸಾಕಿತ್ತು.

ಇನ್ನೊಂದು ವಿಷಯ. ಮನೆಯಲ್ಲಿ 50 ದಾಟಿದವರು, ಸಕ್ಕರೆ ಕಾಯಿಲೆಯವರು ಇದ್ದರೆ ಚೆನ್ನಾಗಿರುವಾಗಲೇ ಒಂದು ಇಸಿಜಿ ತೆಗೆಸಿಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊರಗೆ ದಿನಾಂಕ ಬರೆದು, ರೇಷನ್ ಕಾರ್ಡಿನ ಜೊತೆ ಇಡಿ. ಹೋಗುವಾಗ ತೆಗೆದುಕೊಂಡು ಹೋಗಿ. ರಾತ್ರಿ ಒಬ್ಬರೇ ಇರುವ ಹೊಸ ಡಾಕ್ಟರಿಗೆ, ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದಾಗ ಹೊಸ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ. ಇಸಿಜಿ ಕಾಗದ ಕೆಲವು ವರ್ಷಕ್ಕೆ ಮಾಸಿ ಹೋಗುತ್ತದೆ, ಒಂದು ಜೆರಾಕ್ಸ್ ಕೂಡ ಮಾಡಿಸಿಡಿ.